ಹೂವು ಹೇಳಿದ ಕೊಲೆಯ ಕಥೆ

"ಅಮೆರಿಕಕ್ಕೆ ಹೋಗಿ ಹಾಲಿವುಡ್ ನೋಡದೇ ಬಂದೆಯಾ?" ಎಂದು ಕೇಳದ ಸ್ನೇಹಿತರಿಲ್ಲ. ನೋಡಲಿಲ್ಲ ಸ್ವಾಮಿ! ಲಾಸ್ ಏಂಜಲೀಸ್‌ನಲ್ಲಿ ಅಕ್ಕನ ಮಗನ ಮನೆಯಲ್ಲಿ ಮೂರು ವಾರ ಇದ್ದೆ. ಪಾಪ, ಅವನು ಸ್ಟುಡಿಯೋ ನೋಡಲು ಟಿಕೆಟ್ ಕೂಡ ತೆಗೆದಿಟ್ಟಿದ್ದ. ನಾನು ಹಟ ಹಿಡಿದು ಕೂತೆ. "ನನ್ನನ್ನ ಲೋನ್ ಪೈನ್‌ಗೆ ಕರ್ಕೊಂಡು ಹೋಗು. ಬೇರೇನೂ ಬೇಡ."

"ಅಲ್ಲೇನಿದೆ ಮಾವ? ಮರಳುಗಾಡು, ಬಂಡೆ. ಬಂಡೆ ನೋಡೋಕೆ ರಾಮನಗರದಿಂದ ಇಲ್ಲೀತನಕ ಬರಬೇಕಿತ್ತಾ?"

ಪ್ರಶ್ನೆ ನ್ಯಾಯವಾದದ್ದೇ. ನಾನು ಹುಟ್ಟಿ ಬೆಳೆದದ್ದು ಬಂಡೆಗಳ ನಡುವೆ. 'ಶೋಲೆ' ಚಿತ್ರದ ಹೊರಾಂಗಣ ಚಿತ್ರೀಕರಣಕ್ಕೆಂದು ಬೊಂಬಾಯಿಯವರು 1973ರಲ್ಲಿ ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ ಇಡೀ ಹಳ್ಳಿಯನ್ನೇ ಕಟ್ಟಿದಾಗ ನಾನಿನ್ನೂ ಚಡ್ಡಿ ಹುಡುಗ. ನಮ್ಮ ಚಿಕ್ಕಪ್ಪ ಅಲ್ಲಿ ನೀರು ಹೊರುವ ಕೆಲಸಕ್ಕೆ ಸೇರಿಕೊಂಡಿದ್ದ. ಒಂದು ದಿನ ಜನ ಸಾಲದೆ ಬಂದು ಗುಂಪಿನಲ್ಲಿ ಅವನನ್ನೂ ನಿಲ್ಲಿಸಿದರಂತೆ. "ಕುದುರೆ ಹಿಂದೆ ಎಡಗಡೆಯಿಂದ ಮೂರನೆಯವನು ನಾನೇ ಕಣೋ!" ಎಂದು ಇವತ್ತಿಗೂ ಹೇಳುತ್ತಾನೆ. ಹನ್ನೊಂದು ಸಲ ನೋಡಿದ್ದೇನೆ ಆ ಚಿತ್ರ. ಚಿಕ್ಕಪ್ಪ ಮಾತ್ರ ಸಿಕ್ಕಿಲ್ಲ!

ಇರಲಿ, ಲೋನ್ ಪೈನ್ ಹುಚ್ಚು ನನಗೆ ಹಿಡಿದದ್ದು ಇನ್ನೊಂದು ಚಿತ್ರದಿಂದ. ಬೆಂಗಳೂರಿನಲ್ಲಿ ಕಾಲೇಜು ಓದುವ ಕಾಲದಲ್ಲಿ ಒಂದು ಫಿಲ್ಮ್ ಸೊಸೈಟಿಯವರು ಭಾನುವಾರ ಬೆಳಿಗ್ಗೆ ತೋರಿಸಿದ್ದು— 'ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್'. 1955ರ ಚಿತ್ರ. ಬರೀ 81 ನಿಮಿಷ. ಹಾಡಿಲ್ಲ, ಕುಣಿತವಿಲ್ಲ, ಹೆಣ್ಣು ಒಬ್ಬಳೇ! ಆದರೂ ಸೀಟಿನ ತುದಿಗೆ ಬಂದು ಕೂತವನು ಕೊನೆಯವರೆಗೆ ಹಿಂದಕ್ಕೆ ಒರಗಲಿಲ್ಲ.

ನಾವೆಲ್ಲ ಪತ್ತೇದಾರಿ ಪುಸ್ತಕ ತಿಂದು ಬೆಳೆದವರು ನೋಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತಾಡುತ್ತಿದ್ದರೆ, ಟಿಕೆಟ್ ದುಡ್ಡಲ್ಲಿ ಅದನ್ನು ಕೊಂಡು ನಡೆದುಕೊಂಡೇ ಊರಿಗೆ ಹೋದದ್ದುಂಟು. ಪತ್ತೇದಾರ ಎಂದರೆ ಕಸುಬು ಬಲ್ಲವನು, ಪೊಲೀಸರೇ ಬಂದು ಕೈಮುಗಿಯುವಂಥವನು ಎಂದು ನಮ್ಮ ನಂಬಿಕೆ. ಈ ಚಿತ್ರದ ನಾಯಕನೋ? ಐವತ್ತು ದಾಟಿದ ಮುದುಕ! ಕಪ್ಪು ಸೂಟು, ತಲೆಯ ಮೇಲೆ ಹ್ಯಾಟು, ಒಂದು ಕೈಯಲ್ಲಿ ಬಲವಿಲ್ಲ. ಅದನ್ನು ಜೇಬಿನಿಂದ ಹೊರಗೆ ತೆಗೆಯುವುದೇ ಇಲ್ಲ. ನಾಲ್ಕು ವರ್ಷದಿಂದ ಯಾವ ರೈಲೂ ನಿಲ್ಲದ ಮರಳುಗಾಡಿನ ಊರಿನಲ್ಲಿ ಒಂದು ದಿನ ರೈಲು ನಿಲ್ಲುತ್ತದೆ. ಇವನು ಇಳಿಯುತ್ತಾನೆ. ಕೇಳುವುದು ಒಂದೇ ಪ್ರಶ್ನೆ: "ಕೊಮೊಕೊ ಎಂಬ ಜಪಾನಿ ರೈತ ಎಲ್ಲಿದ್ದಾನೆ?"

ಅಷ್ಟೇ! ಊರಿಗೆ ಊರೇ ಕಲ್ಲಾಗುತ್ತದೆ. ಹೋಟೆಲಿನವನು ರೂಮಿಲ್ಲ ಅನ್ನುತ್ತಾನೆ. ಕೊಟ್ಟ ತಂತಿ ಸಂದೇಶ ಊರು ಬಿಟ್ಟು ಹೋಗುವುದಿಲ್ಲ. ಷೆರೀಫ್ ಕುಡಿದು ಬಿದ್ದಿದ್ದಾನೆ. ಊರ ಯಜಮಾನ, ನಮ್ಮ ಖಳನಾಯಕ ರಾಬರ್ಟ್ ರಯಾನ್, ನಗುನಗುತ್ತಲೇ ಹೇಳುತ್ತಾನೆ: "ಅವನಾ? ಯುದ್ಧ ಶುರುವಾದ ಮೇಲೆ ಸರ್ಕಾರದವರು ಕ್ಯಾಂಪಿಗೆ ಕರ್ಕೊಂಡು ಹೋದರು." ಈ ಸುಳ್ಳನ್ನು ನೆನಪಿಡಿ ಓದುಗರೇ, ಮುಂದೆ ಬೇಕಾಗುತ್ತದೆ.

ನಾಯಕ ಸ್ಪೆನ್ಸರ್ ಟ್ರೇಸಿ. ಅವನನ್ನು ಕೆಣಕಿ ಒಂದೇ ಕೈಯಲ್ಲಿ ಏಟು ತಿನ್ನುವ ದಡೂತಿ ಅರ್ನೆಸ್ಟ್ ಬೋರ್ಗ್ನೈನ್. ಆ ಫೈಟಿಂಗಿಗೆ ಸೊಸೈಟಿಯ ಗಂಭೀರ ಮಹನೀಯರೂ ಸಿಳ್ಳೆ ಹಾಕಿದ್ದರು! ತಮಾಷೆ ಏನೆಂದರೆ, ಈ ಪಾತ್ರಕ್ಕೆ ಟ್ರೇಸಿ ಹೆಸರು ಆಸ್ಕರ್‌ಗೆ ಹೋಯಿತು. ಆ ವರ್ಷ 'ಮಾರ್ಟಿ' ಚಿತ್ರಕ್ಕಾಗಿ ಪ್ರಶಸ್ತಿ ಹೊಡೆದುಕೊಂಡವನು ಏಟು ತಿಂದ ಬೋರ್ಗ್ನೈನೇ! ನಿರ್ದೇಶಕ ಜಾನ್ ಸ್ಟರ್ಜಸ್. ಐದು ವರ್ಷದ ನಂತರ ಕುರೊಸಾವಾರ ಕಥೆ ಇಟ್ಟುಕೊಂಡು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ತೆಗೆದನು. ಆ ಎರಡರ ನೆರಳು 'ಶೋಲೆ' ಮೇಲೆ ಬಿದ್ದದ್ದು ಜಗತ್ತಿಗೇ ಗೊತ್ತು. ಹಾಗೆ ನೋಡಿದರೆ ನಮ್ಮೂರ ಬಂಡೆಗೂ ಆ ಊರ ಬಂಡೆಗೂ ಸ್ವಲ್ಪ ನೆಂಟಸ್ತನ ಇದೆ ಅನ್ನಬಹುದು.

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಗಿನ ಜಾವ ಹೊರಟೆವು. ಸುಮಾರು 340 ಕಿಲೋಮೀಟರ್ ದಾರಿ. ಬೆಟ್ಟ ದಾಟಿದ ಕೂಡಲೇ ಹಸಿರು ಕತ್ತರಿಸಿ ಬಿಸಾಕಿದ ಹಾಗೆ ನಿಂತುಹೋಯಿತು. ಮೊಹಾವಿ ಮರಳುಗಾಡು. ಮರಳುಗಾಡು ಎಂದರೆ ಒಂಟೆ, ಮರಳದಿಬ್ಬ ಅಂದುಕೊಂಡಿದ್ದವನಿಗೆ ಇಲ್ಲಿ ಕಂಡದ್ದು ಜಲ್ಲಿ, ಒಣ ಪೊದೆ, ಕೈಯೆತ್ತಿ ನಿಂತ ಜೋಶುವಾ ಮರ. ಚಿತ್ರದುರ್ಗದ ಕಡೆಯ ಬಯಲನ್ನು ಹತ್ತರಷ್ಟು ಹಿಗ್ಗಿಸಿ, ಊರುಗಳನ್ನೆಲ್ಲ ಅಳಿಸಿಬಿಟ್ಟರೆ ಹೇಗೋ ಹಾಗೆ. ದಾರಿಯಲ್ಲಿ ರೆಡ್ ರಾಕ್ ಕಣಿವೆ ಬಂತು. 'ಜುರಾಸಿಕ್ ಪಾರ್ಕ್' ಚಿತ್ರದ ಆರಂಭದಲ್ಲಿ ಮೂಳೆ ಅಗೆಯುತ್ತಾರಲ್ಲ, ಆ ಜಾಗ. ಅಳಿಯ ನಿಲ್ಲಿಸಲೇ ಎಂದ. ಬೇಡ, ನಡಿ ಎಂದೆ.

ನಿದ್ದೆ ಬಾರದ ರಾತ್ರಿಗಳಲ್ಲಿ— ಹಗಲು ರಾತ್ರಿ ಅದಲುಬದಲಾಗಿ ಎರಡು ಗಂಟೆಗೇ ಎಚ್ಚರವಾಗಿಬಿಡುತ್ತಿತ್ತು— ಅಳಿಯನ ಕಪಾಟಿನಲ್ಲಿದ್ದ ಟೋನಿ ಹಿಲ್ಲರ್‌ಮನ್ ಪುಸ್ತಕಗಳನ್ನು ಮುಗಿಸಿದ್ದೆ. ಇಲ್ಲಿಂದ ಪೂರ್ವಕ್ಕೆ ಅರಿಜೋನಾ, ನ್ಯೂ ಮೆಕ್ಸಿಕೋವರೆಗೂ ಇಂಥದ್ದೇ ಒಣ ನೆಲ. ಅಲ್ಲಿಯ ನವಾಹೋ ಜನರ ಸೀಮೆಯಲ್ಲಿ ನಡೆಯುವ ಕೊಲೆ ಕಥೆಗಳು ಅವು. ಅವರ ಸೀಮೆಯ ವಿಸ್ತಾರವೇ ಸುಮಾರು 71,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು! ಹಿಲ್ಲರ್‌ಮನ್ ಮೊದಲು ಪತ್ರಕರ್ತ, ಆಮೇಲೆ ಮೇಷ್ಟ್ರು. 1970ರ 'ದಿ ಬ್ಲೆಸ್ಸಿಂಗ್ ವೇ' ಅವನ ಮೊದಲ ಕಾದಂಬರಿ. ಅದರಲ್ಲಿ ಪೊಲೀಸ್ ಅಧಿಕಾರಿ ಲೀಪ್‌ಹಾರ್ನ್ ಇದ್ದಾನೆ ನಿಜ. ಆದರೆ ಪ್ರಾಣ ಕೈಯಲ್ಲಿ ಹಿಡಿದು ಕಣಿವೆಯಲ್ಲಿ ಓಡುವವನು ಮೆಕ್ಕೀ ಎಂಬ ಕಾಲೇಜು ಪ್ರೊಫೆಸರ್. ಮಾಟಗಾರರ ಕಥೆ ಬರೆದುಕೊಳ್ಳಲು ಹೋದವನು! ತೋಳನ ವೇಷದ ಮಾಟಗಾರನ ಸುದ್ದಿಯ ಹಿಂದೆ ಬೇರೆಯೇ ಮಸಲತ್ತು ಇದೆಯೆಂದು ಅವನಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. 1974ರಲ್ಲಿ 'ಡಾನ್ಸ್ ಹಾಲ್ ಆಫ್ ದಿ ಡೆಡ್' ಕಾದಂಬರಿಗೆ ಎಡ್ಗರ್ ಪ್ರಶಸ್ತಿ ಬಂತು. ಕೊಲೆ ಕಥೆ ಬರೆಯುವವರಿಗೆ ಅದೇ ಆಸ್ಕರ್ ಎನ್ನಿ. ಹಿಲ್ಲರ್‌ಮನ್ 2008ರಲ್ಲಿ ತೀರಿಕೊಂಡ ಮೇಲೆ ಮಗಳು ಆನ್ ಅದೇ ಪಾತ್ರಗಳನ್ನು ಮುಂದುವರಿಸಿದಳು. 2022ರಿಂದ 'ಡಾರ್ಕ್ ವಿಂಡ್ಸ್' ಎಂಬ ಟೀವಿ ಧಾರಾವಾಹಿಯೂ ಆಗಿದೆ.

ಯಾಕೆ ಇಂಥ ಕಥೆಗಳಿಗೆಲ್ಲ ಮರಳುಗಾಡೇ ಬೇಕು? ಕಾರಿನ ಕಿಟಕಿಯಿಂದ ನೋಡುತ್ತಿದ್ದರೆ ತಾನಾಗಿ ತಿಳಿಯಿತು. ನಮ್ಮಲ್ಲಿ ಕೊಲೆಯಾದರೆ ಅರ್ಧ ಗಂಟೆಯಲ್ಲಿ ಪಕ್ಕದ ಮನೆಯವರು ಬರುತ್ತಾರೆ. ಇಲ್ಲಿ ವರ್ಷಗಟ್ಟಲೆ ಯಾರೂ ಬರುವುದಿಲ್ಲ. ಆದರೆ ಮಳೆಯೂ ಬರುವುದಿಲ್ಲ ನೋಡಿ! ಗಾಡಿ ಚಕ್ರದ ಗುರುತು, ಸುಟ್ಟ ತೊಲೆ, ಮುರಿದ ಮಡಿಕೆ— ಬಿದ್ದಲ್ಲೇ ಒಣಗಿ ಬಿದ್ದಿರುತ್ತವೆ. ಮರಳುಗಾಡು ಹೆಣವನ್ನು ಮುಚ್ಚಿಡುತ್ತದೆ, ಸಾಕ್ಷಿಯನ್ನು ಕಾದಿಡುತ್ತದೆ. ಪೊಲೀಸ್ ಠಾಣೆ ನೂರು ಮೈಲಿ ದೂರ. ಹಾಗಾಗಿ ಪತ್ತೆ ಹಚ್ಚುವ ಭಾರ ಅಲ್ಲೇ ಇದ್ದವರ ಮೇಲೆ ಬೀಳುತ್ತದೆ: ಕಲ್ಲು ಓದುವವರು, ಗಿಡ ಬಲ್ಲವರು, ದಾರಿ ತಪ್ಪಿ ಬಂದವರು.

ಓಲಂಚಾ ಎಂಬ ಹಳ್ಳಿ ದಾಟಿದ ಮೇಲೆ ಬಲಗಡೆ ಬೆಳ್ಳಗೆ ಮಿಂಚುವ ಬಯಲು. "ಉಪ್ಪಿನ ಗದ್ದೆಯಾ?" ಎಂದೆ. "ಕೆರೆ ಮಾವ. ಕೆರೆ ಆಗಿತ್ತು." ಓವೆನ್ಸ್ ಸರೋವರ! ಒಂದು ಕಾಲದಲ್ಲಿ ಅದರ ಮೇಲೆ ಹಡಗು ಓಡಾಡಿದ್ದವಂತೆ. 1913ರಲ್ಲಿ ಲಾಸ್ ಏಂಜಲೀಸ್ ನಗರ 375 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿ ಈ ಕಣಿವೆಯ ನದಿ ನೀರನ್ನು ಒಯ್ದಿತು. ಎಲ್ಲೂ ಒಂದು ಪಂಪಿಲ್ಲ, ಇಳಿಜಾರಿನಲ್ಲೇ ಹರಿಯುತ್ತದೆ. ಹತ್ತು-ಹನ್ನೆರಡು ವರ್ಷದಲ್ಲಿ ಕೆರೆ ಒಣಗಿ ಧೂಳಾಯಿತು. ಈಗ ಧೂಳು ಏಳದಿರಲೆಂದು ಅದೇ ನಗರದವರು ಮತ್ತೆ ಸ್ವಲ್ಪ ನೀರು ಬಿಡುತ್ತಾರೆ! ಜಾಕ್ ನಿಕೋಲ್ಸನ್ ಮೂಗಿಗೆ ಪಟ್ಟಿ ಕಟ್ಟಿಕೊಂಡು ತಿರುಗುವ 'ಚೈನಾಟೌನ್' (1974) ಚಿತ್ರದ ಕೊಲೆಯ ಹಿಂದಿರುವುದು ಇಂಥ ನೀರಿನ ವ್ಯವಹಾರವೇ. ಬ್ಲ್ಯಾಕ್ ರಾಕ್ ಚಿತ್ರದಲ್ಲೂ ಅಷ್ಟೇ: ನೀರಿಲ್ಲದ ಜಾಗವೆಂದು ತಿಳಿದೇ ಯಜಮಾನ ಜಪಾನಿಯವನಿಗೆ ನೆಲ ಕೊಟ್ಟಿದ್ದ. ಆ ಬಡ ರೈತ ಬಾವಿ ತೋಡಿದ, ತೋಡಿದ, ನೀರು ಬಂದೇ ಬಂತು! ಅವನ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಅಲ್ಲಿಂದ.

ಲೋನ್ ಪೈನ್ ಒಂದು ಬೀದಿಯ ಊರು. ಜನ ಎರಡು ಸಾವಿರದಷ್ಟು. ಪಶ್ಚಿಮಕ್ಕೆ ತಿರುಗಿದರೆ... ಅಬ್ಬಾ! 4,421 ಮೀಟರ್ ಎತ್ತರದ ವಿಟ್ನಿ ಶಿಖರ, ತಲೆಯ ಮೇಲೆ ಹಿಮ. ಅದರ ಬುಡದಲ್ಲಿ ಅಲಬಾಮಾ ಗುಡ್ಡಗಳು. ಗಾಳಿ ಬಿಸಿಲಿಗೆ ಸವೆದು ದುಂಡಗಾದ ಗ್ರಾನೈಟ್ ಗುಂಡುಗಳು, ಒಂದರ ಮೇಲೊಂದು. ಕಾರಿನಿಂದ ಇಳಿದವನು ಸುಮ್ಮನೆ ನಿಂತುಬಿಟ್ಟೆ. ಹಿಮದ ಸಾಲನ್ನು ಕೈಯಲ್ಲಿ ಮರೆಮಾಡಿದರೆ ನಮ್ಮೂರೇ! "ನೋಡು, ಅಲ್ಲಿ ಗಬ್ಬರ್ ಕೂತಿದ್ದ ಹಾಗೇ ಇದೆ" ಎಂದೆ. ಅಳಿಯನೂ ನಕ್ಕ. ವಯಸ್ಸಿನಲ್ಲಿ ಮಾತ್ರ ನಮ್ಮದೇ ಹಿರಿದು. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಆ ಹೆಸರಿನಲ್ಲೇ ಕರೆಯುವ ನಮ್ಮ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಇವಕ್ಕೆ ಎಂಟು ಕೋಟಿಯ ಆಸುಪಾಸು. ಮಕ್ಕಳು!

ಊರ ಬೀದಿಯಲ್ಲೇ ಸಿನಿಮಾ ಮ್ಯೂಸಿಯಂ ಇದೆ. ಬಂಡೆಗಳ ನಡುವಿನ ಮಣ್ಣುದಾರಿಗೆ ಮೂವಿ ರೋಡ್ ಎಂದೇ ಹೆಸರು. 1920ರಿಂದ ಇಲ್ಲಿ ನೂರಾರು ಚಿತ್ರ ತೆಗೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 'ಗುಂಗಾ ದಿನ್'. 1939ರ ಆ ಚಿತ್ರಕ್ಕೆ ಭಾರತ ಬೇಕಾಗಿತ್ತು. ಹಾಲಿವುಡ್‌ನವರು ಈ ಬಂಡೆಗಳನ್ನೇ ಭಾರತದ ವಾಯವ್ಯ ಗಡಿ ಎಂದು ತೋರಿಸಿದರು! ಆಮೇಲೆ ಡೇವಿಡ್ ಲೀನ್ 'ಎ ಪ್ಯಾಸೇಜ್ ಟು ಇಂಡಿಯಾ' (1984) ತೆಗೆಯುವಾಗ ಬಿಹಾರದ ಗುಹೆಗಳೆಂದು ತೋರಿಸಿದ್ದು ನಮ್ಮ ರಾಮದೇವರ ಬೆಟ್ಟ, ಸಾವನದುರ್ಗ. 'ಐರನ್ ಮ್ಯಾನ್' ಚಿತ್ರದಲ್ಲಿ ಲೋನ್ ಪೈನ್ ಬಂಡೆಗಳೇ ಅಫ್ಘಾನಿಸ್ತಾನ. ಬಂಡೆಗೇನು, ಯಾವ ಪಾತ್ರ ಕೊಟ್ಟರೂ ಮಾಡುತ್ತದೆ, ಸಂಭಾವನೆಯನ್ನೂ ಕೇಳುವುದಿಲ್ಲ.

ಬ್ಲ್ಯಾಕ್ ರಾಕ್ ಊರು? ಅದು ಇಲ್ಲ! ರೈಲು ಹಳಿಯ ಪಕ್ಕ ಎಂ.ಜಿ.ಎಂ. ಕಂಪನಿಯವರು ಸೆಟ್ ಹಾಕಿದ್ದರು. ಚಿತ್ರ ಮುಗಿಯಿತು, ಊರು ಕಿತ್ತರು. ನಮ್ಮ ಶೋಲೆ ಹಳ್ಳಿಯದೂ ಇದೇ ಗತಿ ತಾನೆ? ಇಲ್ಲಿ ರೈಲೂ ನಿಂತುಹೋಗಿದೆ. ಊರಾಚೆ ಬಯಲಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಅಲೆದೆ. ಸಿಕ್ಕಿದ್ದು ಬಿಸಿಲು. ಆದರೆ ಏಪ್ರಿಲ್ ತಿಂಗಳಲ್ಲವೇ, ಜಲ್ಲಿಯ ನಡುವೆ ಅಲ್ಲಲ್ಲಿ ಬೆರಳುಗಾತ್ರದ ಹಳದಿ ಹೂ. ಒಂದು ಹಳ್ಳದಲ್ಲಿ ಮಾತ್ರ ಚಾಪೆ ಹಾಸಿದ ಹಾಗೆ ಗುಂಪಾಗಿ ಅರಳಿದ್ದವು. ಮೈ ಜುಮ್ಮೆಂದಿತು! ಚಿತ್ರ ನೋಡಿದವರಿಗೆ ಗೊತ್ತು— ಕೊಮೊಕೊನ ಸುಟ್ಟ ಮನೆಯ ಹತ್ತಿರ ಟ್ರೇಸಿ ಕಾಣುವುದು ರಕ್ತದ ಕಲೆಯಲ್ಲ, ಚಾಕುವಲ್ಲ. ಕಾಡುಹೂವು! ಬೇರೆಲ್ಲೂ ಇಲ್ಲದ ಹೂವು ಅಲ್ಲೊಂದೇ ಕಡೆ ಯಾಕೆ ಅರಳಿದೆ? ಅಡಿಯಲ್ಲಿ ಯಾರನ್ನೋ ಹೂತಿದ್ದಾರೆ! ಯುದ್ಧಭೂಮಿಯಲ್ಲಿ ಸಮಾಧಿಗಳ ಮೇಲೆ ಇಂಥ ಹೂ ಕಂಡವನು ಅವನು. ಲೆನ್ಸು, ಬೆರಳಚ್ಚು, ಯಾವುದೂ ಇಲ್ಲದೆ ಕೊಲೆ ಹೊರಬಿತ್ತು. ನಮ್ಮ ಪುರುಷೋತ್ತಮನೂ ಭೇಷ್ ಎನ್ನಬೇಕು. ಆಮೇಲೆ ಅವನನ್ನು ಊರು ಬಿಡಲು ಬಿಟ್ಟರೇ, ಕೊನೆಗೆ ಏನಾಯಿತು, ಅದನ್ನು ಹೇಳಿ ನಿಮ್ಮ ಸಸ್ಪೆನ್ಸ್ ಹಾಳು ಮಾಡಲಾರೆ.

ಟ್ರೇಸಿ ಬಂದದ್ದೇಕೆ ಎಂಬುದನ್ನು ಮಾತ್ರ ಹೇಳಲೇಬೇಕು. ಇಟಲಿಯ ಯುದ್ಧದಲ್ಲಿ ಅವನ ಜೀವ ಉಳಿಸಿ ಸತ್ತವನು ಕೊಮೊಕೊನ ಮಗ, ಅಮೆರಿಕದ ಸಿಪಾಯಿ. ಆ ಹುಡುಗನ ಪದಕವನ್ನು ಅಪ್ಪನ ಕೈಗೆ ಕೊಡಲು ಬಂದಿದ್ದ. ಅಷ್ಟೇ ಕೆಲಸ.

"ಮಾವ, ಇನ್ನೊಂದು ಜಾಗ ಇದೆ, ಹತ್ತು ನಿಮಿಷ" ಎಂದ ಅಳಿಯ. ಉತ್ತರಕ್ಕೆ ಒಂಬತ್ತು-ಹತ್ತು ಮೈಲಿ. ರಸ್ತೆ ಪಕ್ಕ ಮರದ ಕಾವಲು ಗೋಪುರ, ಮುಳ್ಳುತಂತಿ. ಬೋರ್ಡಿನ ಮೇಲೆ ಮಾಂಜನಾರ್. ಕ್ಯಾಂಪು!

ಖಳನಾಯಕನ ಸುಳ್ಳು ನೆನಪಿದೆಯೇ? "ಕ್ಯಾಂಪಿಗೆ ಕರ್ಕೊಂಡು ಹೋದರು." ಆ ಕ್ಯಾಂಪು ಇಂಥದ್ದೇ. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಮುಂದಿನ ವರ್ಷ ಅಮೆರಿಕ ಸರ್ಕಾರ ತನ್ನ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ, ತೋಟ, ಅಂಗಡಿ ಬಿಡಿಸಿ ಇಂಥ ಹತ್ತು ಕ್ಯಾಂಪುಗಳಿಗೆ ತುಂಬಿತು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದವರು! ಒಬ್ಬರ ಮೇಲೂ ವಿಚಾರಣೆ ಇಲ್ಲ. ಮಾಂಜನಾರ್ ಒಂದರಲ್ಲೇ ಹತ್ತು ಸಾವಿರಕ್ಕೂ ಮಿಕ್ಕಿ ಜನ. ಸ್ಪ್ಯಾನಿಷ್‌ನಲ್ಲಿ ಮಾಂಜನಾರ್ ಎಂದರೆ ಸೇಬಿನ ತೋಪು. ನೀರು ಲಾಸ್ ಏಂಜಲೀಸ್ ಪಾಲಾಗುವ ಮೊದಲು ಇದು ನಿಜವಾಗಿ ಹಣ್ಣಿನ ತೋಟಗಳ ಊರಾಗಿತ್ತು. ಹಳೆಯ ಮರಗಳು ಕೆಲವು ಇವತ್ತಿಗೂ ಇವೆ. ಕ್ಯಾಂಪಿನವರು ಅವಕ್ಕೆ ನೀರುಣಿಸಿ ಹಣ್ಣು ಬಿಡಿಸಿದರು. 1945ರ ನವೆಂಬರಿನಲ್ಲಿ ಕ್ಯಾಂಪು ಮುಚ್ಚಿತು. 1988ರಲ್ಲಿ ಸರ್ಕಾರ ತಪ್ಪೊಪ್ಪಿಕೊಂಡು, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡಲು ಕಾಯಿದೆ ಮಾಡಿತು.

ಸಡಾವೊ ಮುನೆಮೋರಿ ಎಂಬ ಸಿಪಾಯಿಯ ಕಥೆ ಕೇಳಿ ಗಂಟಲು ಕಟ್ಟಿತು. 1945ರ ಏಪ್ರಿಲಿನಲ್ಲಿ, ಇಟಲಿಯಲ್ಲಿ, ಸಿಡಿಯಲಿದ್ದ ಗ್ರೆನೇಡಿನ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿ ಸತ್ತ. ತಾಯಿ ಮುಳ್ಳುತಂತಿಯ ಒಳಗೆ, ಇದೇ ಮಾಂಜನಾರ್‌ನಲ್ಲಿ! ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವನ್ನು ಮುಂದಿನ ವರ್ಷ ಆ ತಾಯಿಯ ಕೈಗೆ ಕೊಟ್ಟರು. ಸಿನಿಮಾ ಬಂದದ್ದು ಒಂಬತ್ತು ವರ್ಷ ಆದ ಮೇಲೆ.

ಹಿಂದಿನ ಸ್ಮಶಾನದಲ್ಲಿ ಬಿಳಿಯ ಕಂಬವೊಂದಿದೆ, ಕ್ಯಾಂಪಿನ ಜನರೇ 1943ರಲ್ಲಿ ಕಟ್ಟಿದ್ದು. ಬುಡದಲ್ಲಿ ಚಿಲ್ಲರೆ ಕಾಸು, ಬಣ್ಣದ ಕಾಗದದ ಕೊಕ್ಕರೆಗಳ ಮಾಲೆ. ಅಲ್ಲಿ ಒಬ್ಬ ಮುದುಕರು ಟೋಪಿ ತೆಗೆದು ನಿಂತಿದ್ದರು. ಎಲ್ಲಿಯವರು ಎಂದು ಅವರೇ ಕೇಳಿದರು. ಇಂಡಿಯಾ, ಸಿನಿಮಾ ಹುಚ್ಚು, ಬ್ಲ್ಯಾಕ್ ರಾಕ್ ಹುಡುಕಿಕೊಂಡು ಬಂದೆ ಎಂದೆ. ಮುಖ ಅರಳಿತು.

"ನಾನು ಇಲ್ಲೇ ಹುಟ್ಟಿದವನು. ನಲವತ್ಮೂರರಲ್ಲಿ. ಆ ಸಿನಿಮಾ ಬಂದಾಗ ನನಗೆ ಹನ್ನೆರಡು ವರ್ಷ. ಅದರಲ್ಲಿ ನಮ್ಮವನೊಬ್ಬ ಇದ್ದಾನಂತೆ ಅಂತ ಯಾರೋ ಹೇಳಿದರು. ಅಪ್ಪ ಟೈ ಕಟ್ಟಿಕೊಂಡು ನಮ್ಮನ್ನೆಲ್ಲ ಕರ್ಕೊಂಡು ಹೋದರು."

"ಹೇಗಿತ್ತು?"

"ಸಿನಿಮಾ ಒಳ್ಳೇದು. ಕೊಮೊಕೊ ಅನ್ನೋ ಹೆಸರಿನವರನ್ನ ನಮ್ಮಲ್ಲಿ ನಾನಂತೂ ಕೇಳಿಲ್ಲ, ಅಪ್ಪ ಅದಕ್ಕೆ ನಕ್ಕುಬಿಟ್ಟರು. ಆಮೇಲೆ ನಗಲಿಲ್ಲ. ಮುಗಿದು ದೀಪ ಹಾಕಿದರೂ ಎದ್ದೇಳಲಿಲ್ಲ. ಗೇಟಿನವನು ಬಂದು ಹೇಳಿದ ಮೇಲೆ ಅಮ್ಮನ ಕಡೆ ತಿರುಗಿ ಕೇಳಿದರು— ಅವನು ಯಾವಾಗ ಬಂದ? ನಾನು ನೋಡಲೇ ಇಲ್ಲವಲ್ಲ?"

ನಾನು ಮನಸ್ಸಿನಲ್ಲೇ ಇಡೀ ಚಿತ್ರವನ್ನು ಓಡಿಸಿದೆ. ಮೂವತ್ತು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೆ, ಎಷ್ಟು ಜನಕ್ಕೆ ಕಥೆ ಹೇಳಿದ್ದೇನೆ! ಅಪ್ಪ ಕೊಮೊಕೊ ಇಲ್ಲ. ಮಗನೂ ಇಲ್ಲ. ಗೋಡೆಯ ಮೇಲಿನ ಒಂದು ಫೋಟೋದಲ್ಲೂ ಇಲ್ಲ. 81 ನಿಮಿಷದಲ್ಲಿ ಒಂದು ಜಪಾನೀ ಮುಖವಿಲ್ಲ. ಪತ್ತೇದಾರಿ ಪುಸ್ತಕ ತಿಂದು ಬೆಳೆದವನು ನಾನು, ನನಗಿದು ಹೊಳೆದಿರಲಿಲ್ಲ.

ಮುದುಕರಿಗೆ ಏನು ಹೇಳಬೇಕೋ ತಿಳಿಯದೆ ಚಿಕ್ಕಪ್ಪನ ಕಥೆ ಹೇಳಿದೆ, ಕುದುರೆ ಹಿಂದಿನ ಮೂರನೆಯವನ ಕಥೆ. ಜೋರಾಗಿ ನಕ್ಕರು. "ಸರಿಯಾಗಿ ನೋಡಿ. ಇರ್ತಾರೆ" ಎಂದು ನನ್ನ ಭುಜ ತಟ್ಟಿ, ಟೋಪಿ ಹಾಕಿಕೊಂಡು ಹೋದರು.

ವಾಪಸು ದಾರಿಯಲ್ಲಿ ಅಳಿಯ ಮಾತೇ ಆಡಲಿಲ್ಲ. ಮೊಹಾವಿ ಊರಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ, "ಇವತ್ತು ರಾತ್ರಿ ನೋಡೋಣ ಮಾವ ಆ ಸಿನಿಮಾನ" ಎಂದ.

ನೋಡಿದೆವು. ಮನೆಯಾಕೆ ಅಡುಗೆಮನೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಟ್ರೇಸಿ ಸುಟ್ಟ ಮನೆಯ ಹತ್ತಿರ ಬಗ್ಗಿ ಹೂ ಕೀಳುತ್ತಿದ್ದ. ಕೈ ಒರೆಸಿಕೊಳ್ಳುತ್ತಾ ನಿಂತು ನೋಡಿದಳು.

"ಕೊಲೆ ಆಯ್ತಾ? ಸತ್ತೋನು ಯಾರು? ತೋರಿಸಿದ್ರಾ?"

"ತೋರಿಸಲ್ಲ. ಕೂತ್ಕೋ" ಎಂದ ಅಳಿಯ.